ಮುಕ್ಕಾಲು ಜಿಬಿ ಎಲ್ಲಿ ಹೋಯಿತು?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಾವಿಬ್ಬರು ಹೆಣ್ಣುಮಕ್ಕಳು ಡಿಟಿಪಿ ಅಂಗಡಿ ಇಟ್ಟಿದ್ದೆವು. ನಾನು ಬೈರಮಂಗಲದ ಕಡೆಯವಳು, ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ನನ್ನ ಗೆಳತಿಯದು ಊರೊಳಗಿನ ರೀಲರ್ ಮನೆ. ನಮ್ಮಂಥವರು ಬೆಳೆದ ಗೂಡನ್ನು ಕೊಂಡು ನೂಲು ತೆಗೆಯುವವರು. ಬಿಡದಿಯಲ್ಲಿ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಬಯೋಡೇಟಾ ಮಾಡಿಸಲು ಬಂದವರು ಬಾಗಿಲಾಚೆ ಸಾಲು ನಿಂತಿರುತ್ತಿದ್ದರು. ಕೆಲಸ ಸಿಕ್ಕವರು ಆಮೇಲೆ ಮದುವೆ ಕಾರ್ಡಿಗೆ, ಅದಾದಮೇಲೆ ಮದುವೆ ಫೋಟೋ ಹಿಡಿದುಕೊಂಡು ಮತ್ತೆ ಬರುತ್ತಿದ್ದರು, ಆಲ್ಬಮ್ ಮಾಡಿಕೊಡಿ ಎಂದು.

ಆಲ್ಬಮ್ ಅಂದರೆ ನಮ್ಮ ಕಂಪ್ಯೂಟರಿಗೆ ಜ್ವರ. ಹತ್ತು ಫೋಟೋ ತೆರೆದರೆ ಮುಗಿಯಿತು, ಮೌಸ್ ಅಲ್ಲಾಡುತ್ತಿರಲಿಲ್ಲ. ರ‍್ಯಾಮ್ ಸಾಲದು ಎಂದವಳು ನನ್ನ ಗೆಳತಿಯೇ. ಬೆಂಗಳೂರಿಗೆ ಹೋಗಿ ಎರಡೆರಡು ಜಿಬಿಯ ಎರಡು ಪಟ್ಟಿ ತಂದಳು. ಹಾಕುವ ಮುಂಚೆ ಒಂದನ್ನು ಕಿವಿಯ ಹತ್ತಿರ ಹಿಡಿದು, ಗೂಡಿನೊಳಗಿನ ಹುಳದ ಸದ್ದು ಕೇಳುವವರಂತೆ ಅಲ್ಲಾಡಿಸಿ, "ಮಾಲು ಚೆನ್ನಾಗೈತೆ ಕಣೆ, ಹರಾಜು ಕೂಗು" ಎಂದು ನಕ್ಕಳು. ಆ ನಗು ಈಗಲೂ ಬೇಕು ಅನ್ನಿಸುತ್ತದೆ.

ಕಂಪ್ಯೂಟರ್ ಆನ್ ಆಯಿತು. ವಿಂಡೋಸ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿದೆ. ನಾಲ್ಕು ಇರಬೇಕಾದಲ್ಲಿ ಮೂರೂಕಾಲು.

ನನಗೆ ಮೂಗಿನ ತುದಿಯಲ್ಲೇ ಕೋಪ. ಸಾಲದ್ದಕ್ಕೆ ಅಪ್ಪನ ಜೊತೆ ಮಾರುಕಟ್ಟೆಯಲ್ಲಿ ತಕ್ಕಡಿ ಪಕ್ಕ ನಿಂತು ಬೆಳೆದವಳು. ರೀಲರ್ ಎಷ್ಟು ನಗುತ್ತಾ ಮಾತಾಡಿಸಿದರೂ ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯಬಾರದು ಎಂಬುದು ನಮ್ಮ ಮನೆಯ ಪಾಠ.

"ಮುಕ್ಕಾಲು ಎಲ್ಲೋಯ್ತು?" ಅಂದೆ.

"ಗೊತ್ತಿಲ್ಲ ಕಣೆ. ಆನ್ ಆಗೋವಾಗ ಡಿಲೀಟ್ ಒತ್ತು, ಬಯಾಸ್‌ನಾಗೆ ಒಸಿ ನೋಡಾನ."

"ನೋಡೋದೇನೈತೆ? ತೂಕ ಹೊಡಿಯೋದು ನಿಮ್ಮನೆಯೋರ್ಗೆ ಹೊಸದಾ?"

ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವಳು ದುಪಟ್ಟಾ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದಳು. ನಾಳೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ನಾನೇನು ಕಡಿಮೆ, ನಾನೂ ಹೋಗಲಿಲ್ಲ. ಆದರೆ ಟೀ ಹೇಳುವಾಗ ಬಾಯ್ತಪ್ಪಿ ಎರಡು ಅನ್ನುತ್ತಿದ್ದೆ. ಬಾಗಿಲಲ್ಲಿ ಯಾರದೋ ದುಪಟ್ಟಾ ಕಂಡರೂ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ.

ಒಂದು ವರ್ಷ ಹೀಗೇ ಕಳೆಯಿತು. ಆಮೇಲೊಂದು ದಿನ ವೈರಸ್ ಹೊಕ್ಕು ವಿಂಡೋಸ್ ಹೊಸದಾಗಿ ಹಾಕಬೇಕಾಯಿತು. ಸಿಡಿಯಿಂದ ಶುರುವಾಗಲಿ ಎಂದು ಡಿಲೀಟ್ ಒತ್ತಿದೆ. ವಿಂಡೋಸ್‌ಗೂ ಮುಂಚೆ ಬರುವ, ಅವತ್ತು ಅವಳು ನೋಡಾನ ಅಂದಿದ್ದ ಬಯಾಸ್‌ನ ನೀಲಿ ಪರದೆ ಬಂತು. ಮೊದಲ ಸ್ಲಾಟಿನಲ್ಲಿ ಎರಡು ಜಿಬಿ, ಪಕ್ಕದ್ದರಲ್ಲಿ ಎರಡು ಜಿಬಿ. ನಾಲ್ಕೂ ಇದ್ದವು.

ರಿಪೇರಿಯವನನ್ನು ಕರೆದು ಕೇಳಿದೆ. "ಇದು ಮೂವತ್ತೆರಡು ಬಿಟ್ ವಿಂಡೋಸು ಕಣಕ್ಕ. ರ‍್ಯಾಮಿನ ಒಂದೊಂದು ಜಾಗಕ್ಕೂ ಮನೆ ನಂಬರಿನಂಗೆ ಒಂದು ನಂಬರು ಬೇಕು, ನಾಲ್ಕು ಜಿಬಿಗೆ ಆಗೋವಷ್ಟೇ ನಂಬರು ಇದ್ರ ಹತ್ರ ಇರೋದು. ಡಿಸ್‌ಪ್ಲೇ, ಅದು ಇದು ಎಲ್ಲಕ್ಕೂ ಅದ್ರೊಳಗೇ ನಂಬರು ಕೊಡ್ಬೇಕು. ಅಷ್ಟು ರ‍್ಯಾಮಿಗೆ ನಂಬರ್ ಸಿಗಾಕಿಲ್ಲ. ಬಯಾಸ್‌ನಾಗೆ ಏನ್ ಬದ್ಲಾಯಿಸಿದ್ರೂ ಇದ್ರಲ್ಲಿ ನಾಲ್ಕು ಬರಾಕಿಲ್ಲ" ಅಂದ. ಅವಳು ತಂದದ್ದರಲ್ಲಿ ಒಂದು ಚೂರೂ ಕಡಿಮೆಯಿರಲಿಲ್ಲ.

ಅಂಗಡಿ ಮುಚ್ಚಿ ನೇರ ಅವಳ ಮನೆಗೆ ಹೋದೆ. ಅವಳ ಅಮ್ಮ ನನ್ನನ್ನು ಕೂರಿಸಿ ಟೀ ಕೊಟ್ಟರು. ಅವಳ ಮದುವೆಯಾಗಿ ಎಂಟು ತಿಂಗಳಾಗಿತ್ತಂತೆ, ಶಿಡ್ಲಘಟ್ಟಕ್ಕೆ ಕೊಟ್ಟಿದ್ದರಂತೆ.

"ಅಂಗ್ಡಿ ಯಾಕ್ ಬುಟ್ಟೆ ಅಂದ್ರೆ, ನಂಗೇ ಸಾಕಾಯ್ತಮ್ಮಿ ಅಂದ್ಲು. ನಿನ್ ಮೇಲೆ ಒಂದ್ ಮಾತೂ ಆಡ್ನಿಲ್ಲ. ನೀನ್ಯಾಕೆ ಮದ್ವೆಗೆ ಬರ್ನಿಲ್ಲ, ಮಗ?"

ನಾನು ಟೀ ಲೋಟ ಕೆಳಗಿಟ್ಟೆ. ಅವರೇ ಮಗಳ ನಂಬರು ಒತ್ತಿ ಮೊಬೈಲ್ ನನ್ನ ಕೈಗಿತ್ತರು.

"ನಾಲ್ಕೂ ಐತೆ ಕಣೆ" ಅಂದೆ.

ಆ ಕಡೆ ಯಾವುದೋ ಬಾಗಿಲು ಹಾಕಿಕೊಂಡ ಸದ್ದಾಯಿತು.

"ತಂದೋಳಿಗೆ ಗೊತ್ತಿರಾಕಿಲ್ವೇನೆ?" ಅಂದಳು. "ನಿಂಗೆ ಗೊತ್ತಾಗ್ಲಿ ಅಂತ ಕಾದೆ. ಮದ್ವೆ ಕಾರ್ಡು ನೀನೇ ಮಾಡ್ಕೊಡ್ತೀಯ ಅಂತ, ಕೊನೇ ವಾರದ ತನಕ ಎಲ್ಲೂ ಮಾಡಿಸ್ನಿಲ್ಲ."