ಕರೋಡಗಿರಿ ನಾಕಾದ ಖಾನಾವಳಿ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನ ಬಳಿ ಊರಿನವರು ಲೇಖನ ಕೇಳಬಾರದು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಗುತ್ತದೆ. ಕೊಪ್ಪಳ ಜಿಲ್ಲೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದ ಕೆಲವರು ಬಂದು, ಗಡಿಯ ಊರೊಂದು ಜಿಲ್ಲಾ ಕೇಂದ್ರವಾಗಿ ಬೆಳೆದ ಬಗೆಯನ್ನು ಬರೆದುಕೊಡಿ ಎಂದರು. ಎರಡು ಪುಟ ಕೇಳಿದ್ದರು. ನಾನು ಹನ್ನೊಂದು ಪುಟ ಕೊಟ್ಟೆ.

ಈಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಒಂದು ಕಾಲಕ್ಕೆ ಗದಗ ನಮಗೆ ಪರರಾಜ್ಯ. ನಾವು ನಿಜಾಮನ ಪ್ರಜೆಗಳು, ಗದಗಿನವರು ಮುಂಬಯಿಯವರು, ಹೊಸಪೇಟೆಯವರು ಮದರಾಸಿನವರು. ಗಡಿ ದಾಟಿ ಬರುವ ಸಾಮಾನಿಗೆ ಸುಂಕ ಕಟ್ಟಿಸಿಕೊಳ್ಳುವ ಕಟ್ಟಡಕ್ಕೆ ಕರೋಡಗಿರಿ ನಾಕಾ ಎನ್ನುತ್ತಿದ್ದರು. ನಮ್ಮ ಅಜ್ಜ ಅಲ್ಲಿ ಜವಾನ. ಗದಗಿನಿಂದ ಮದುವೆಯ ಜವಳಿ ತರುವ ಹೆಂಗಸರು ಸುಂಕ ತಪ್ಪಿಸಲು ಸೀರೆಯ ಮೇಲೆ ಸೀರೆ ಉಟ್ಟು ಬರುತ್ತಿದ್ದರಂತೆ. ಬಿಸಿಲಲ್ಲಿ ಬೆವರು ಸುರಿಸುತ್ತ ನಿಂತ ಅವರನ್ನು ಅಜ್ಜ ನೋಡಿಯೂ ನೋಡದವನ ಹಾಗೆ ಬಿಟ್ಟುಬಿಡುತ್ತಿದ್ದ. ಒಬ್ಬಾಕೆಯನ್ನು ಮಾತ್ರ ಬಿಡದೆ ಮದುವೆಯಾದ. ಆಕೆ ನಮ್ಮ ಅಜ್ಜಿ.

ನಿಜಾಮನ ರಾಜ್ಯ ಹೋದಾಗ ನಾಕಾದ ಸಾಹೇಬರು ಕೀಲಿಕೈಯನ್ನು ಅಜ್ಜನ ಕೈಗಿಟ್ಟು, ನಾಳೆ ಬರುತ್ತೇನೆಂದು ಹೋದರು. ಬರಲಿಲ್ಲ. ಅಜ್ಜ ನಿಷ್ಠಾವಂತ, ಕಾದ. ಕಾಯುವವನಿಗೆ ಊಟ ಬೇಕಲ್ಲ, ಅಜ್ಜಿಯನ್ನು ಕರೆತಂದ. ಹಿಂದೆಯೇ ನಮ್ಮಪ್ಪ ಬಂದ. ಆಮೇಲೆ ನಮಗೂ ಅಲ್ಲೇ ತೊಟ್ಟಿಲು ಕಟ್ಟಿದರು. ಹೀಗೆ ಕಾಯುತ್ತ ಕಾಯುತ್ತ ನಾಕಾ ನಮ್ಮ ಮನೆಯಾಯಿತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಗಡಿ ಅಳಿಸಿದ ಮೇಲೆ ಊರು ಬಹಳ ವರ್ಷ ಸುಮ್ಮನೆ ಮಲಗಿತ್ತು. ಒಂದು ಸಹಿ ಬೇಕಾದರೂ ರಾಯಚೂರಿಗೆ ಹೋಗಬೇಕು. ಆಮೇಲೆ ಜಿಲ್ಲೆಯಾಯಿತು. ಕಚೇರಿಗಳಿಗೆ ಕಟ್ಟಡ ಬರುವ ಮೊದಲೇ ನೌಕರರು ಬಂದರು, ನೌಕರರಿಗಿಂತ ಮೊದಲು ಅವರ ಹಸಿವು ಬಂತು. ಆಗಷ್ಟೇ ಗಂಡನನ್ನು ಕಳೆದುಕೊಂಡು ಮೂರು ಹೆಣ್ಣುಮಕ್ಕಳೊಡನೆ ತವರಿಗೆ ಬಂದಿದ್ದ ನನ್ನ ಅಕ್ಕ, ನಾಕಾದ ಮುಂದಿನ ಕೋಣೆಯಲ್ಲಿ ರೊಟ್ಟಿ ಬಡಿಯತೊಡಗಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ಖಾನಾವಳಿಯಿಂದಲೇ ಮೂವರನ್ನೂ ಓದಿಸಿ ಮದುವೆ ಮಾಡಿದಳು. ಜಿಲ್ಲೆಯಾದದ್ದರಿಂದ ಯಾರು ಉದ್ಧಾರವಾದರೆಂದು ಯಾರಾದರೂ ಕೇಳಿದರೆ ನಾನು ಅಕ್ಕನ ಒಲೆಯನ್ನು ತೋರಿಸುತ್ತೇನೆ.

ಇದೆಲ್ಲವನ್ನೂ ಬರೆದೆ. ಬರೆದು ಸುಮ್ಮನಿರದೆ, ಕಟ್ಟಡದ ಚಿತ್ರವನ್ನೂ ಅಜ್ಜನ ಕೀಲಿಕೈಯ ಚಿತ್ರವನ್ನೂ ಕೊಟ್ಟೆ. ಸರಕಾರದ ಕೀಲಿಕೈ ಇಂದಿಗೂ ನಮ್ಮ ಮನೆತನದಲ್ಲಿ ಭದ್ರವಾಗಿದೆ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಸಂಚಿಕೆ ಬಂದ ದಿನ ಖಾನಾವಳಿಯ ಟೇಬಲ್ಲಿಗೊಂದು ಪ್ರತಿ ಇಟ್ಟೆ.

ತಿಂಗಳು ಕಳೆದಿರಲಿಲ್ಲ, ಕಚೇರಿಯೊಂದರ ಗುಮಾಸ್ತರು ಬಂದರು. ದಿನಾ ಅಲ್ಲೇ ಉಣ್ಣುವವರು. ಅಂದೂ ಉಂಡರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು, ಕೈ ತೊಳೆದು ಚೀಲದಿಂದ ನೋಟಿಸು ತೆಗೆದರು. ಇದು ಸರಕಾರಿ ಕಟ್ಟಡವೆಂದು ತಿಳಿದುಬಂದಿರುವುದರಿಂದ ತೆರವು ಮಾಡತಕ್ಕದ್ದು.

“ಯಾರು ಹೇಳ್ಯಾರ್ರಿ ಸರಕಾರದ್ದು ಅಂತ?” ಅಕ್ಕ ಕೇಳಿದಳು.

“ನಿಮ್ಮ ತಮ್ಮಾರ ಬರದಾರಲ್ರಿ ಅಕ್ಕಾರ. ಭಾಳ ಛಲೋ ಬರದಾರ. ನಮ್ಮ ಸಾಹೇಬರು ಎರಡು ಸಲ ಓದಿದ್ರು.”

ನನ್ನ ಬರಹವನ್ನು ಎರಡು ಸಲ ಓದಿದವರು ಅವರೊಬ್ಬರೇ ಇರಬೇಕು. ನಾನು ಟೇಬಲ್ಲುಗಳ ಮೇಲಿನ ಪ್ರತಿಗಳನ್ನು ಎತ್ತಿಡತೊಡಗಿದೆ. ಅಕ್ಕ ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, “ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ. ನಿನಗ ಒದಿಲಿಲ್ಲಪಾ, ನನಗ ಒದ್ರು,” ಎಂದಳು. ಅರವತ್ತೈದರ ವಯಸ್ಸಿನಲ್ಲಿ ಅವಳು ಮತ್ತೆಲ್ಲಿ ಒಲೆ ಹೂಡಬೇಕು?

ಗುಮಾಸ್ತರಿಗೂ ರೊಟ್ಟಿಯ ಚಿಂತೆ ಇತ್ತು. ಅವರೇ ದಾರಿ ಹೇಳಿದರು. ಮನೆಯ ತೆರಿಗೆ ಪಾವತಿಗಳು ಅಜ್ಜನ ಕಾಲದಿಂದ ನಮ್ಮ ಹೆಸರಿನಲ್ಲೇ ಇವೆ. ಸರಕಾರದ್ದೆನ್ನಲು ಕಚೇರಿಯಲ್ಲಿ ಒಂದು ಚೂರು ಕಾಗದವಿಲ್ಲ. ಇರುವುದು ನನ್ನ ಲೇಖನವೊಂದೇ. “ಅದು ಕಟ್ಟುಕಥಿ ಅಂತ ನೀವ ಬರದುಕೊಟ್ರ ಫೈಲು ಮುಗೀತೈತ್ರಿ ಸರ.”

ಮರುದಿನ ಛಾಪಾ ಕಾಗದದ ಮೇಲೆ ಬರೆದುಕೊಂಡು ಸಾಹೇಬರ ಮುಂದೆ ನಿಂತೆ. ಸದರಿ ಲೇಖನ ನನ್ನ ಕಲ್ಪನೆ. ನಮ್ಮ ಅಜ್ಜ ಯಾವ ನಾಕಾದಲ್ಲೂ ಜವಾನನಾಗಿರಲಿಲ್ಲ. ಚಿತ್ರದಲ್ಲಿರುವುದು ನಮ್ಮ ಜೋಳ ತುಂಬುವ ಹಗೇವಿನ ಮನೆಯ ಕೀಲಿಕೈ. ಅಜ್ಜನ ಹೆಸರಿನ ಕೆಳಗೆ ನನ್ನ ಸಹಿ ಹಾಕಿದೆ. ಅವನು ಒಂದು ಜನ್ಮವಿಡೀ ಆ ಬಾಗಿಲು ಕಾದಿದ್ದ.

ಸಾಹೇಬರು ಏನಾದರೂ ಕೇಳಿಯಾರೆಂದು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಒಂದೇ ಸಲ ಓದಿ, “ನನಗೂ ಹಂಗ ಅನಿಸಿತ್ರಿ. ಸೀರಿ ಮ್ಯಾಲ ಸೀರಿ ಉಟ್ಕೊಂಡು ಯಾರರ ಬರ್ತಾರೇನ್ರಿ?” ಎಂದು ನಗುತ್ತ ಫೈಲು ಮುಚ್ಚಿದರು.

ಅಕ್ಕನ ಒಲೆ ಉಳಿಯಿತು. ನಾನೂ ಸಾಹೇಬರ ಜೊತೆ ನಕ್ಕು ಬಂದೆ.