ಹೆಬ್ಬೆರಳುದ್ದದ ‘ದವರೆಗೆ’

ಗೋಡೆಗಳ ಮೇಲೆ ಅಕ್ಷರ ಬರೆಯುವ ಆ ಪೇಂಟರನ್ನು ಎಲ್ಲರೂ ‘ಯಾಕಣ್ಣ’ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಲ್ಲಿ ‘ಯಾಕೆ’ ಎಂದು ಕೇಳದೆ ಅವನು ಒಂದಕ್ಷರವನ್ನೂ ಬರೆದವನಲ್ಲ. ‘ಇಲ್ಲಿ ಕಸ ಹಾಕಬಾರದು’ ಎಂದು ಬರೆಸಲು ಬಂದವರನ್ನೇ ‘ಮತ್ತೆಲ್ಲಿ ಹಾಕಬೇಕು?’ ಎಂದು ಕೇಳಿದ ಆಸಾಮಿ.

ಅಂದು ಪಾರ್ಸೆಲ್ ಕಂಪನಿಯ ಮ್ಯಾನೇಜರು ನಮೂನೆ ಕೊಟ್ಟರು: ‘ಪ್ಯಾಕಿಂಗ್ ಕೆಲಸ. ದಿನಕ್ಕೆ ಸಾವಿರದವರೆಗೆ.’ ‘ಸಾವಿರ’ ಮೊಳದೆತ್ತರ, ‘ದವರೆಗೆ’ ಹೆಬ್ಬೆರಳುದ್ದ. ಯಾಕಣ್ಣನ ತಲೆಗೆ ಹುಳ ಬಿಟ್ಟಂತಾಯಿತು. ಒಂದೇ ಪದವನ್ನು ಎರಡು ಸೈಜಿನಲ್ಲಿ ಅವನು ಎಂದೂ ಬರೆದಿರಲಿಲ್ಲ. ಅದೂ ಅಲ್ಲದೆ, ಇದೇ ಕಂಪನಿಯ ಕರಪತ್ರ ನೋಡಿ ಅವನ ಅಕ್ಕನ ಮಗಳು ಹೊಲಿಗೆ ಅಂಗಡಿಯ ದಿನಕ್ಕೆ ಏಳುನೂರರ ಕಾಯಂ ಕೆಲಸ ಬಿಡಲು ಹೊರಟಿದ್ದಳು. ನಾಳೆ ಮಾಲೀಕನಿಗೆ ಹೇಳುವುದಷ್ಟೇ ಬಾಕಿ.

ಊಟಕ್ಕೆ ಹೊರಬಂದ ಪ್ಯಾಕಿಂಗ್ ಹೆಂಗಸರನ್ನು ಯಾಕಣ್ಣ ಗೇಟಿನಲ್ಲೇ ತಡೆದ. “ಸಾವಿರ ತಗೊಳ್ಳೋರು ಯಾರಮ್ಮ?”

“ಸಿಕ್ಕಿದ್ರೆ ನಮಗೂ ತೋರ್ಸಣ್ಣ, ಕೈ ಮುಗೀತೀವಿ,” ಎಂದು ಒಬ್ಬಳು ನಕ್ಕಳು.

ಹಿರಿಯಳೊಬ್ಬಳು ಮಾತ್ರ ನಗಲಿಲ್ಲ. “ನಂಗೆ ಒಂದ್ಸಲ ಬಂತು. ಎರಡು ಪಾಳಿ ಒಟ್ಟಿಗೆ ನಿಂತಿದ್ದೆ. ಆಮೇಲೆ ಮೂರು ದಿನ ಹಾಸಿಗೆ ಬಿಟ್ಟು ಏಳ್ಲಿಲ್ಲ.”

ಯಾಕಣ್ಣ ಮ್ಯಾನೇಜರ ಮೇಜಿನ ಮುಂದೆ ಹೋಗಿ ನಿಂತ. “ಇದು ಸುಳ್ಳಲ್ವಾ ಸಾರ್?”

“ಎಲ್ಲಯ್ಯ ಸುಳ್ಳು? ‘ವರೆಗೆ’ ಅಂತ ಇದ್ಯಲ್ಲ!”

“ಹಾಗಾದ್ರೆ ಕಾಣೋ ಹಾಗೆ ಬರೀತೀನಿ. ಒಂದೇ ಪದ, ಒಂದೇ ಎತ್ತರ.”

ಫೋನಿನಲ್ಲಿ ಮುಳುಗಿದ್ದ ಮ್ಯಾನೇಜರು ಹೋಗು ಎಂಬಂತೆ ಕೈ ಬೀಸಿದರು. ಯಾಕಣ್ಣ ಅದನ್ನೇ ಒಪ್ಪಿಗೆ ಎಂದುಕೊಂಡ.

ಸಂಜೆ ಕಂಪನಿ ನೋಡಿಕೊಂಡು ಹೋಗಲು ಅಕ್ಕನ ಮಗಳು ಬಂದಾಗ ಗೋಡೆಯ ಮೇಲೆ ‘ಸಾವಿರದವರೆಗೆ’ ಉದ್ದಕ್ಕೂ ಮೊಳದೆತ್ತರ ನಿಂತಿತ್ತು. ಅವಳು ರಸ್ತೆಯಾಚೆಯಿಂದಲೇ ಓದಿ ಹುಬ್ಬು ಗಂಟಿಕ್ಕಿದಳು.

“ಮಾಮ, ‘ವರೆಗೆ’ ಸರಿ. ಎಲ್ಲಿಂದ?”

ಯಾಕಣ್ಣ ತಬ್ಬಿಬ್ಬಾದ. ದಿನವಿಡೀ ಕಂಡಕಂಡವರನ್ನೆಲ್ಲ ಕೇಳಿದವನಿಗೆ ಈ ಪ್ರಶ್ನೆಯೊಂದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಅವಳು ಸೀದಾ ಗೇಟಿನ ಪಕ್ಕದ ಕಚೇರಿ ಕಿಟಕಿಗೆ ಹೋಗಿ ಅದನ್ನೇ ಕೇಳಿದಳು. ಒಳಗಿದ್ದ ಗುಮಾಸ್ತ ತಲೆಯೆತ್ತದೆ, “ಐನೂರು,” ಎಂದ.

ಯಾಕಣ್ಣ ಮತ್ತೆ ಏಣಿ ಹತ್ತಿದ. ‘ದಿನಕ್ಕೆ’ ಮೇಲಿನ ಸಾಲಿನಲ್ಲಿತ್ತು; ‘ಸಾವಿರದವರೆಗೆ’ಯ ಎಡಕ್ಕೆ ಬೇಕಾದಷ್ಟು ಜಾಗವಿತ್ತು. ‘ಐನೂರರಿಂದ’ ಎಂದು ಅದೇ ಎತ್ತರದಲ್ಲಿ ಬರೆದ.

ಮ್ಯಾನೇಜರು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. “ಯಾರಯ್ಯ ಇದನ್ನ ಬರೆಯೋಕೆ ಹೇಳಿದ್ದು?”

“ನಿಮ್ಮ ಕಿಟಕಿಯೋರೇ ಸಾರ್. ತಪ್ಪಿದ್ರೆ ಹೇಳಿ, ಅಳಿಸ್ತೀನಿ.”

“ತಪ್ಪಿಲ್ಲ ಕಣಯ್ಯ, ಅದಕ್ಕೇ ಅಳಿಸು!”

ಅಕ್ಕನ ಮಗಳಿಗೆ ಅಷ್ಟು ಕೇಳಿದ್ದೇ ಸಾಕಾಯಿತು. ಕೆಲಸ ಬಿಡುವ ಮಾತನ್ನು ಮರುದಿನ ಹೊಲಿಗೆ ಅಂಗಡಿಯ ಮಾಲೀಕನಿಗೆ ಅವಳು ಹೇಳಲೇ ಇಲ್ಲ.