ನಾಡಿಯ ಮೇಲೆ ಮೂರು ಬೆರಳು

ಹೋದ ವಾರ ದವಾಖಾನೆಯಲ್ಲಿ ನರ್ಸ್‌ಬಾಯಿ ನನ್ನ ಬೆರಳಿಗೆ ನಾಡಿ ಎಣಿಸುವ, ಚಿಮಟದಂಥ ಯಂತ್ರವೊಂದನ್ನು ಸಿಕ್ಕಿಸಿದಳು. ನನಗೋ ಇಂಥವನ್ನು ಕಂಡರೇ ಎದೆ ಹಾರುತ್ತದೆ. ಹಾರಿದ್ದನ್ನು ಅದು ಕೆಂಪು ಅಂಕಿಯಲ್ಲಿ ಎಲ್ಲರಿಗೂ ತೋರಿಸಿಬಿಟ್ಟಿತು. ಅಲ್ಲಿ ಕೂತಾಗಲೇ ನೆನಪಾದವಳು ನನ್ನ ತಾಯಿಯ ತಂಗಿ, ಶಾರವ್ವ ಚಿಗವ್ವ.

ಅವಳ ಗಂಡ ಗುರುಪಾದ ಕಾಕಾ ಖಾನಾಪುರದಲ್ಲಿ ಹಂಚಿನ ವ್ಯಾಪಾರಿ. ಅಂಗಡಿಯಲ್ಲಿ ದಿನವಿಡೀ ಮರಾಠಿ, ಮನೆಯಲ್ಲಿ ಕನ್ನಡ. ಬೈಲಹೊಂಗಲದ ಕಡೆಯವಳಾದ ಚಿಗವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಸಂತೆಗೂ ಕಾಕಾನೇ ಹೋಗುತ್ತಿದ್ದ, ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಒಂದು ಬೆಳಿಗ್ಗೆ ಕಾಕಾ ಬಚ್ಚಲಲ್ಲಿ ಬಿದ್ದ. ಲಕ್ವಾ. ಬಲಗೈ, ಬಲಗಾಲು, ಮಾತು ಒಟ್ಟಿಗೇ ಹೋದವು. ಬೆಳಗಾವಿಗೆ ತಂದರು. ಅಲ್ಲಿ ಕಾಲೇಜಿನಲ್ಲಿದ್ದ ನಾನು ಊಟದ ಡಬ್ಬಿ ಹಿಡಿದು ಕೋಟೆಯ ಮಗ್ಗುಲಿನಿಂದ ದವಾಖಾನೆಗೆ ನಡೆಯುತ್ತಿದ್ದೆ. ಮನೆಗೆ ಕಳಿಸುವಾಗ ಡಾಕ್ಟರರು ಚಿಗವ್ವನಿಗೆ ಹೇಳಿದರು: “ಕಾಲು ತಿರಗಿ ಬಂದೀತ್ರಿ. ಆದ್ರ ಸುಮ್ಮ ಮಲಗಿದ್ರೂ ಎದಿಬಡತ ಇಳೀವಲ್ದು. ಇಂಥಾವ್ರು ಚೇತರಿಸ್ಕೊಳ್ಳೂದು ಕಷ್ಟ. ದಣಿಸಬ್ಯಾಡ್ರಿ.” ನಾಡಿ ಹಿಡಿಯುವುದನ್ನೂ ಕಲಿಸಿಕೊಟ್ಟರು.

ಕೆಲವು ತಿಂಗಳಲ್ಲಿ ಕಾಕಾ ಗೋಡೆ ಹಿಡಿದು ನಿಂತ. ಮಾತೂ ಬಂತು. “ಪಾಣೀ ದೇ” ಎಂದ, ನೀರು ಕೊಡು ಅಂತ. ಮನೆಯಲ್ಲಿ ಹಬ್ಬ. ಆದರೆ ದಿನ ಕಳೆದ ಹಾಗೆ ಬಂದದ್ದೆಲ್ಲ ಮರಾಠಿಯೇ. ಚಿಗವ್ವ ಏನಾದರೂ ಕೇಳಿದರೆ ಕನ್ನಡದಲ್ಲಿ ಉತ್ತರಿಸಲು ತಿಣುಕಿ, ಕುತ್ತಿಗೆಯ ನರ ಉಬ್ಬಿ, ಬೆವರುತ್ತಿದ್ದ. ಅವಳು ಮೂರು ಬೆರಳು ಅವನ ಮುಂಗೈ ಮೇಲಿಟ್ಟು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. “ನಾ ಮಾತಾಡ್ಸಿದ್ರ ನಾಡಿ ಓಡ್ತೈತಿ. ಸುಮ್ನಿದ್ರ ಇಳೀತೈತಿ” ಎನ್ನುವಳು.

ರಜೆಗೆ ಖಾನಾಪುರಕ್ಕೆ ಹೋದಾಗ ನಾನು ಅವಳಿಗೆ ಮರಾಠಿ ಕಲಿಸಲು ಮುಂದಾದೆ. ನನ್ನ ಮರಾಠಿ ಸಿನಿಮಾ ಟಿಕೀಟಿನ ಸಾಲಿನಲ್ಲಿ ಕಲಿತದ್ದು. ಮರಾಠಿಯಲ್ಲಿ ಗಂಡಸಿನ ಮಾತಿನ ರೂಪ ಬೇರೆ, ಹೆಂಗಸಿನದು ಬೇರೆ; ಅದು ಗೊತ್ತಿಲ್ಲದೆ ಅವಳಿಂದ ಗಂಡಸು ಮಾತಾಡಿದ ಹಾಗೆ ಮಾತಾಡಿಸಿದೆ. ಕಾಕಾ ಅರ್ಧ ಬಾಯಲ್ಲಿ ನಕ್ಕ. ಚಿಗವ್ವ ನಗಲಿಲ್ಲ. “ಕಲೀತೀನಪಾ. ಆದ್ರ ಇವ್ರ ಜೋಡಿ ನಾ ಇಷ್ಟು ವರ್ಷ ಮಾತಾಡಿದ್ದೆಲ್ಲಾ ಕನ್ನಡದಾಗ ಐತೆಲ್ಲ” ಎಂದಳು. ಪಾಠ ಅಲ್ಲಿಗೇ ನಿಂತಿತು.

ಮರುವರ್ಷ ಒಂದು ಮಧ್ಯಾಹ್ನ, ಅಂಗಳದ ಬಿಸಿಲಿನಲ್ಲಿ ಕುರ್ಚಿಯ ಮೇಲಿದ್ದ ಕಾಕಾ ಅವಳನ್ನು ನೋಡಿ, ತಡವರಿಸದೆ, “ಶಾರಾ, ಕುಂದರ” ಎಂದನಂತೆ. ಕನ್ನಡದಲ್ಲಿ. ಅವಳು ಕೂತಳು. ಮುಂಗೈ ಹಿಡಿದಳು, ತುಟಿ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೆರಳ ಕೆಳಗೆ ನಾಡಿ ತಪ್ಪಿ ತಪ್ಪಿ ಬಡಿದು ನಿಂತುಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅವಳು ನನ್ನ ಹತ್ತಿರ ಹೇಳಿದ್ದಿಷ್ಟೇ: “ಜವಾಬು ಕೊಟ್ರ ನಾಡಿ ಓಡೀತು ಅಂತ ಹೆದರಿದ್ನಿ. ಹೂಂ ಅನಬೇಕಿತ್ತು.”

ಹೋದ ವಾರ ದವಾಖಾನೆಯಿಂದ ಮನೆಗೆ ಬಂದಾಗ ನನ್ನ ಹೆಂಡತಿ, ಡಾಕ್ಟರರು ಏನಂದರೆಂದು ಕೇಳಿದಳು. ಏನಿಲ್ಲ ಎಂದು ಪೇಪರು ಬಿಡಿಸುವುದು ನನ್ನ ರೂಢಿ. ಅವತ್ತು ಅವಳ ಬಾಜು ಕೂತು ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅವಳು, “ಚಿಗವ್ವ ಆಮ್ಯಾಲ ಮರಾಠಿ ಕಲತ್ರೇನ್ರಿ?” ಎಂದಳು.

“ಇಲ್ಲ,” ಎಂದೆ. “ಕನ್ನಡಾನೂ ಕಡಿಮಿ ಮಾಡಿದ್ಲು.”